ಕೆಜಿಎಫ್ ತಾತ-ಅಜ್ಜೀರ ಗಣಿ ನೆನಪು ರೆಕಾರ್ಡ್ ಮಾಡೋದು ಹೇಗೆ

ಹೋದ ತಕ್ಷಣ ಫೋನ್ ಮುಖದ್ ಮುಂದೆ ಹಿಡೀಬೇಡಿ, ಕೂತು ಟೀ ಕುಡ್ದು, ಆಮೇಲೆ ಅವರನ್ನ ಕೇಳ್ಕೊಂಡೇ ರೆಕಾರ್ಡಿಂಗ್ ಆನ್ ಮಾಡಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು ಅನ್ನೋದೆಲ್ಲ ಪುಸ್ತಕದಲ್ಲೇ ಇದೆ, ನೀವ್ ಕೇಳ್ಬೇಕಾಗಿರೋದು ನೆಲದಡಿ ಬಂಡೆ ಸಿಡಿದಾಗ, ಏರ್ ಬ್ಲಾಸ್ಟ್ ಅಂತಿದ್ರಲ್ಲ ಅದು, ಲೈನ್ ಮನೇಲಿದ್ದ (ಕಾರ್ಮಿಕರ ಸಾಲುಮನೆ) ಹೆಂಗಸ್ರು ಏನ್ ಮಾಡ್ತಿದ್ರು, ಗಣಿಗೆ ಇಳಿಯೋ ಬಾವಿ, ಅಂದ್ರೆ ಶಾಫ್ಟ್ ಹತ್ರ ಓಡ್ತಿದ್ರಾ, ಸುದ್ದಿ ಯಾರ್ ತರ್ತಿದ್ರು ಅಂತ. ನಂಗೆ ಇದೇ ನಿಜವಾದ ಇತಿಹಾಸ. 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಕಾರ್ಮಿಕರು ಮಾಡಿದ ಮುಷ್ಕರದ ಬಗ್ಗೆ ಅವರಪ್ಪ ಏನಾದ್ರೂ ಹೇಳಿದ್ರಾ ಅಂತಾನೂ ಕೇಳಿ. ತಮಿಳಲ್ಲಿ ಹೇಳಿದ್ರೆ ತಮಿಳಲ್ಲೇ ಇರ್ಲಿ. 2001ರಲ್ಲಿ ಗಣಿ ಮುಚ್ಚಿದ ಮಾತು ಬಂದ್ರೆ ನಡುವೆ ಬಾಯಿ ಹಾಕ್ಬೇಡಿ, ಅವರು ಸುಮ್ಮನಾದ್ರೂ ಕಾಯಿರಿ. ಹಳೇ ಫೋಟೋ, ಕಾಗದ ತೋರ್ಸಿದ್ರೆ ಅಲ್ಲೇ ಫೋಟೋ ತೆಗ್ದು ವಾಪಸ್ ಕೊಡಿ. ಹೊರಡೋ ಮುಂಚೆ ರೆಕಾರ್ಡಿಂಗ್ ಅವರ ಮನೆಯವರ ವಾಟ್ಸಾಪ್‌ಗೂ ಕಳ್ಸಿ.