ಇಬ್ಬರೂ ಓಡಿಸುವಷ್ಟು ದೊಡ್ಡದಿದ್ದರೆ ಸಾಕು: ನಾವು ಆರ್‌ವಿ ಅಳತೆ ಆರಿಸಿದ ಬಗೆ

ರಿಟೈರ್ ಆದ ಮೇಲೆ ಒಳಗೇ ಅಡುಗೆಮನೆ, ಹಾಸಿಗೆ, ಟಾಯ್ಲೆಟ್ಟು ಇರುವ ಗಾಡಿ, ಅಂದರೆ ಆರ್‌ವಿ ತಗೊಂಡು ಅಮೆರಿಕ ಸುತ್ತಬೇಕು ಅನ್ನುವುದು ನಮ್ಮನೆಯವರ ಬಹಳ ವರ್ಷದ ಆಸೆ. ನನಗೂ ಇತ್ತು. ಆದರೆ ಅವರ ಕಣ್ಣು 36 ಅಡಿಯ ಬಸ್ಸಿನಂಥ ಗಾಡಿ ಮೇಲಿತ್ತು, ನನ್ನ ಕಣ್ಣು ಅದರ ಸ್ಟೀರಿಂಗ್ ಮೇಲಿತ್ತು. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಮನೆ ಹತ್ತಿರ ಹಾದುಹೋಗುವ ಐ-40 ಹೈವೇ ಹಿಡಿದರೆ ಕ್ಯಾಲಿಫೋರ್ನಿಯಾದ ಬಾರ್ಸ್ಟೋವರೆಗೂ ಒಂದೇ ರಸ್ತೆ. ಅಷ್ಟು ದೂರ ಹೋದಾಗ ದಾರಿ ಮಧ್ಯೆ ಇವರಿಗೆ ತಲೆಸುತ್ತು ಬಂದರೆ, ಬೆನ್ನು ಹಿಡಿದುಕೊಂಡರೆ, ಗಾಡಿ ವಾಪಸ್ ತರುವವರು ಯಾರು? ನಾನೇ ಅಲ್ವಾ? ನಾನು ಐದಡಿ ಒಂದಿಂಚು. ಹಾಗಾಗಿ ಮೊದಲೇ ಷರತ್ತು ಹಾಕಿದೆ. ನಾನು ಓಡಿಸಿ, ರಿವರ್ಸ್ ತೆಗೆದು, ಸರಿಯಾಗಿ ನಿಲ್ಲಿಸಲು ಆಗುವ ಅಳತೆಯೇ ನಮ್ಮ ಅಳತೆ. ಮಿಕ್ಕಿದ್ದೆಲ್ಲ ಆಮೇಲೆ.

"ಅಷ್ಟಕ್ಕೆಲ್ಲ ಹೆದರ್ತೀಯಾ, ಹೈವೇಲಿ ನೇರ ಹೋಗೋದು ತಾನೆ" ಅಂದರು. "ರೀ, ನೇರ ಹೋಗೋದು ಎಲ್ಲರಿಗೂ ಬರತ್ತೆ, ಗ್ಯಾಸ್ ಸ್ಟೇಷನ್ನಿಂದ ಆಚೆ ಬರೋದು ಹೇಳಿ" ಅಂದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ತಾನೇ ಓಡುವ ಆರ್‌ವಿಗೆ ಇಲ್ಲಿ ಮೋಟಾರ್‌ಹೋಮ್ ಅನ್ನುತ್ತಾರೆ, ಅದರಲ್ಲಿ ಮೂರು ಜಾತಿ. ಮುಂದೆ ಅಗಲ ಗಾಜಿನ, ಬಸ್ಸಿನ ಆಕಾರದ್ದು ಕ್ಲಾಸ್ ಎ, ಸುಮಾರು 26ರಿಂದ 45 ಅಡಿ. ಸ್ಪ್ರಿಂಟರ್, ಟ್ರಾನ್ಸಿಟ್, ಪ್ರೊಮಾಸ್ಟರ್ ವ್ಯಾನಿನೊಳಗೇ ಮನೆ ಮಾಡಿದ್ದು ಕ್ಲಾಸ್ ಬಿ, 19ರಿಂದ 24 ಅಡಿ. ವ್ಯಾನಿನ ಮೂತಿ ಹಾಗೇ ಬಿಟ್ಟು ಹಿಂದೆ ಅಗಲವಾದ ಪೆಟ್ಟಿಗೆ ಕಟ್ಟಿ, ಸಾಮಾನ್ಯವಾಗಿ ಡ್ರೈವರ್ ತಲೆ ಮೇಲೊಂದು ಹಾಸಿಗೆ ಇಟ್ಟಿದ್ದು ಕ್ಲಾಸ್ ಸಿ, ಹೆಚ್ಚಿನವು 22ರಿಂದ 32 ಅಡಿ. ಎ ಆದ ಮೇಲೆ ದೊಡ್ಡದು ಬಿ ಅಂತ ಅಂದುಕೊಳ್ಳಬೇಡಿ, ಬಿ ಎಲ್ಲಕ್ಕಿಂತ ಚಿಕ್ಕದು.

ಕೊಳ್ಳುವ ಮೊದಲು ಬಾಡಿಗೆಗೆ ತಗೊಂಡು ನೋಡಿದೆವು. ಕ್ರೂಸ್ ಅಮೆರಿಕದಂಥ ಕಂಪನಿಗಳಲ್ಲಿ 19, 25, 30 ಅಡಿ ಹೀಗೆ ಬೇರೆ ಬೇರೆ ಉದ್ದದ ಕ್ಲಾಸ್ ಸಿ ಸಿಗುತ್ತವೆ. ಹೆಚ್ಚುಕಮ್ಮಿ ಅದೇ ಗಾಡಿ, ಉದ್ದ ಮಾತ್ರ ಬೇರೆ, ಹಾಗಾಗಿ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಮೈಲಿಗೆ ಇಷ್ಟು ಅಂತ ಬೇರೆ ದುಡ್ಡು ಹಾಕುತ್ತಾರೆ, ಅದಕ್ಕೇ ದೂರ ಹೋಗದೆ ಔಟರ್ ಬ್ಯಾಂಕ್ಸ್ ಕಡಲತೀರ, ಸ್ಮೋಕಿ ಮೌಂಟನ್ಸ್ ಬೆಟ್ಟಗಳ ಕಡೆ ಹೋದೆವು. ನನ್ನ ಸಲಹೆ ಏನು ಅಂದರೆ, ಮಳೆ ಬರುವ ವಾರವನ್ನೇ ನೋಡಿ ಬುಕ್ ಮಾಡಿ. ಬಿಸಿಲಿದ್ದಾಗ ಎಲ್ಲ ಗಾಡಿಯೂ ದೊಡ್ಡದೇ, ಯಾಕೆಂದರೆ ನೀವು ಹೊರಗೆ ಕುರ್ಚಿ ಹಾಕಿಕೊಂಡು ಕೂತಿರುತ್ತೀರಿ. ಎರಡು ದಿನ ಬಿಡದೆ ಮಳೆ ಹೊಡೆದು, ಒದ್ದೆ ಜಾಕೆಟ್ಟು, ಕೆಸರು ಚಪ್ಪಲಿ, ಗಂಡನ ಫೋನಿನ ಸೌಂಡು ಎಲ್ಲವೂ ಒಳಗೇ ಇದ್ದಾಗ ನಿಮಗೆ ಎಷ್ಟು ಜಾಗ ಬೇಕು ಅಂತ ಸರಿಯಾಗಿ ತಿಳಿಯುತ್ತದೆ. 19 ಅಡಿಯದರಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ವಯಸ್ಸಿನ ಹುಡುಗರಿಗೆ ಚೆನ್ನ, ನಮಗಲ್ಲ.

30 ಅಡಿಯದು ಒಳಗೆ ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಲಾಟಿಗೆ ತಗೊಂಡು ಹೋದೆವು. ಇವರು ನಾಲ್ಕೈದು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಗಾಡಿಯ ಎಡಗಡೆ, ಹಿಂದಿನ ಮೂಲೆಯಿಂದ ಎರಡಡಿ ದೂರಕ್ಕೆ ಸಾಲಾಗಿ ಇಟ್ಟರು. ನಾನು ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನ ಮುಂದೆ ಹೋದೆ. ಮುಂದಿನ ಮೂತಿ ಬಲಕ್ಕೆ ಹೋಗುತ್ತಿದೆ, ಹಿಂದಿನ ಬಾಲ ಎಡಕ್ಕೆ ಬೀಸಿ ಪೆಟ್ಟಿಗೆಗಳನ್ನು ಒಂದೊಂದಾಗಿ ತಳ್ಳಿಕೊಂಡು ಹೋಯಿತು. ಸೀಟಿನಲ್ಲಿ ಕೂತ ನನಗೆ ಒಂದು ಚೂರೂ ಗೊತ್ತಾಗಲಿಲ್ಲ. ಕನ್ನಡಿಯಲ್ಲಿ ಪೆಟ್ಟಿಗೆ ಉರುಳಿದ್ದು ಕಂಡ ಮೇಲೇ ಬ್ರೇಕ್ ಒತ್ತಿದ್ದು. ಅದು ಪಕ್ಕದವರ ಕಾರಿನ ಬಾಗಿಲಾಗಿದ್ದರೆ? ಗ್ಯಾಸ್ ಪಂಪಿನ ಕಂಬವಾಗಿದ್ದರೆ? ಸುಮಾರು ಲೆಕ್ಕ ಏನಪ್ಪಾ ಅಂದರೆ, ಹಿಂದಿನ ಆಕ್ಸೆಲ್‌ನಿಂದ ಆಚೆ ಚಾಚಿಕೊಂಡ ಪ್ರತಿ ಮೂರು ಅಡಿಗೆ ಬಾಲ ಒಂದಡಿ ಬೀಸುತ್ತದೆ. ಆದ್ದರಿಂದ ಒಟ್ಟು ಉದ್ದ ಒಂದೇ ಕೇಳಬೇಡಿ. ಟೇಪು ಹಿಡಿದು ಹಿಂದಿನ ಚಕ್ರದ ನಡುವಿನಿಂದ ಬಂಪರ್‌ವರೆಗೆ ಅಳೆಯಿರಿ. ಒಂದೇ ಉದ್ದದ ಎರಡು ಗಾಡಿಗಳಲ್ಲಿ ಇದು ಬೇರೆ ಬೇರೆ ಇರುತ್ತದೆ, ಓಡಿಸುವಾಗ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ.

25 ಅಡಿಯದನ್ನು ಅದೇ ಪೆಟ್ಟಿಗೆಗಳ ನಡುವೆ ನಾನು ಅರ್ಧ ದಿನದಲ್ಲಿ ಕಲಿತೆ. ಇವರು ಅಲ್ಲಿಗೆ ಸುಮ್ಮನಾದರು.

ಇನ್ನು ಹೋಗುವ ಜಾಗದ ವಿಷಯ. ನಾವು ಹೋಗಬೇಕು ಅಂತಿದ್ದದ್ದು ನ್ಯಾಷನಲ್ ಪಾರ್ಕುಗಳಿಗೆ. ಅಲ್ಲಿನ ಎಷ್ಟೋ ಕ್ಯಾಂಪ್‌ಗ್ರೌಂಡುಗಳು, ರಸ್ತೆಗಳು 1930ರಿಂದ 60ರ ದಶಕದವರೆಗೆ ಆದವು, ಆಗ ಇಷ್ಟು ದೊಡ್ಡ ಗಾಡಿಗಳು ಎಲ್ಲಿದ್ದವು? ಯೊಸೆಮಿಟಿ ಪಾರ್ಕಿನ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ 35 ಅಡಿ ಮಿತಿ, ಅದೂ ಎಲ್ಲ ಸೈಟಿಗೂ ಅಲ್ಲ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್ ಟು ದಿ ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದ ಅಥವಾ ಕನ್ನಡಿ ಸೇರಿ 8 ಅಡಿಗಿಂತ ಅಗಲ ಇದ್ದರೆ ಬಿಡುವುದೇ ಇಲ್ಲ. ಝಯಾನ್ ಪಾರ್ಕಿನಲ್ಲಿ 1930ರಲ್ಲಿ ಕೊರೆದು ಮುಗಿಸಿದ ಒಂದು ಸುರಂಗ ಇದೆ. ಮೊದಲೆಲ್ಲ ದೊಡ್ಡ ಗಾಡಿಯವರು 15 ಡಾಲರ್ ಕೊಟ್ಟರೆ ಎದುರಿನ ಟ್ರಾಫಿಕ್ ನಿಲ್ಲಿಸಿ ಮಧ್ಯದಲ್ಲಿ ಬಿಡುತ್ತಿದ್ದರು. 2026ರ ಜೂನ್ 7ರಿಂದ ಅದೂ ಇಲ್ಲ. ಅಗಲ 7 ಅಡಿ 10 ಇಂಚು ಅಥವಾ ಎತ್ತರ 11 ಅಡಿ 4 ಇಂಚು ಮೀರಿದರೆ ಬೇರೆ ದಾರಿ ಹಿಡಿಯಬೇಕು. ಅಂದರೆ ಅಗಲದ ಲೆಕ್ಕದಲ್ಲೇ ಕ್ಲಾಸ್ ಸಿ ಹೆಚ್ಚುಕಮ್ಮಿ ಎಲ್ಲವೂ ಹೊರಗೇ, ನಮ್ಮದೂ ಸೇರಿ.

ಹಾಗಂತ ಎಲ್ಲ ಕಡೆಗೂ ನುಗ್ಗಬೇಕು ಅಂತ ಹಟ ಹಿಡಿದರೆ 21 ಅಡಿ ಮೀರದ ಕ್ಲಾಸ್ ಬಿ ಒಂದೇ ಗತಿ. ನಾವು ಕೂತು ಯೋಚನೆ ಮಾಡಿದೆವು. ಗ್ಲೇಸಿಯರ್‌ನಲ್ಲಿ ಹಳೇ ಕೆಂಪು ಬಸ್ಸುಗಳ ಟೂರ್ ಇದೆ, ಝಯಾನ್ ಕಣಿವೆಯೊಳಗೆ ವರ್ಷದ ಬಹುಭಾಗ ಶಟಲ್ಲಿನಲ್ಲೇ ಓಡಾಡಬೇಕು. ಕೆಲವೇ ರಸ್ತೆಗಳ ಆಸೆಗೆ ವರ್ಷವಿಡೀ ಇಕ್ಕಟ್ಟಿನಲ್ಲಿ ಇರುವುದು ಬೇಡ ಅನ್ನಿಸಿತು. ಆದರೆ 35 ದಾಟಿದರೆ ಪಾರ್ಕಿನ ಒಳಗೆ ಉಳಿಯುವ ಜಾಗಗಳೇ ಕೈತಪ್ಪುತ್ತವೆ. ಅರವತ್ತೆರಡು ತುಂಬಿದ ಸಿಟಿಜನ್ನರಿಗೆ, ಗ್ರೀನ್ ಕಾರ್ಡಿನವರಿಗೆ 80 ಡಾಲರಿಗೆ ಜೀವನಪೂರ್ತಿ ಸೀನಿಯರ್ ಪಾಸ್ ಸಿಗುತ್ತದೆ, ಅದರಲ್ಲಿ ಸರ್ಕಾರದ ಎಷ್ಟೋ ಕ್ಯಾಂಪ್‌ಗ್ರೌಂಡುಗಳಲ್ಲಿ ಬಾಡಿಗೆ ಅರ್ಧ. ಗಾಡಿ ಹಿಡಿಸದಿದ್ದರೆ ಆ ಅರ್ಧ ಬಾಡಿಗೆ ಕಟ್ಟಿಕೊಂಡು ಏನು ಮಾಡುವುದು?

ಈಗ ರಾತ್ರಿಯ ವಿಷಯ. ನಮ್ಮ ವಯಸ್ಸಿನಲ್ಲಿ ರಾತ್ರಿ ಒಂದೆರಡು ಸಲ ಏಳಲೇಬೇಕು. 24-25 ಅಡಿಯ ಎಷ್ಟೋ ಗಾಡಿಗಳಲ್ಲಿ ಮೂಲೆ ಹಾಸಿಗೆ, ಅಂದರೆ ಎರಡು ಕಡೆ ಗೋಡೆ. ಒಳಗೆ ಮಲಗಿದವರು ಹೊರಗಿನವರನ್ನು ದಾಟಿ ಬರಬೇಕು. ಬಾಡಿಗೆ ಗಾಡಿಯಲ್ಲಿ ಇವರ ಮಂಡಿ ಮೇಲೆ ಕೈಯೂರಿ ದಾಟಿದ ನೆನಪು ಇನ್ನೂ ಇಬ್ಬರಿಗೂ ಇದೆ. ಸಂಜೆ ಗೋಡೆಯಿಂದ ಇಳಿಸಿ ಬೆಳಗ್ಗೆ ಮಡಚುವ ಮರ್ಫಿ ಬೆಡ್ ಶೋರೂಮಿನಲ್ಲಿ ನೋಡಲು ಚೆಂದ, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುವ ಅಭ್ಯಾಸ ಇರುವವರಿಗೆ ರಗಳೆ. ನಾವು ಪಟ್ಟು ಹಿಡಿದು ಹುಡುಕಿದ್ದು ನಡುವೆ ಓಡಾಡುವ ಜಾಗ ಬಿಟ್ಟು ಎರಡು ಕಡೆ ಒಂದೊಂದು ಸಿಂಗಲ್ ಹಾಸಿಗೆ ಇರುವುದನ್ನು. ಉದ್ದವನ್ನೂ ಅಳೆಯಿರಿ, ಆರ್‌ವಿ ಕ್ವೀನ್ ಅಂತ ಬರೆದಿದ್ದರೆ ಎಷ್ಟೋ ಸಲ 75 ಇಂಚೇ ಇರುತ್ತದೆ, ಮನೆಯ ಕ್ವೀನ್ 80. ನಮ್ಮವರು ಎತ್ತರ, ಕಾಲು ಹೊರಗೆ ಬರುತ್ತಿತ್ತು.

ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಸೆಪ್ಟೆಂಬರಿನಲ್ಲಿ ದೊಡ್ಡ ಆರ್‌ವಿ ಶೋ ಆಗುತ್ತದೆ. ಅಲ್ಲಿ ನಾನು ನಾಚಿಕೆ ಬಿಟ್ಟು ಚಪ್ಪಲಿ ಕಳಚಿ ಹಾಸಿಗೆಯಲ್ಲಿ ಮಲಗಿದೆ, ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ, ತಲೆಗೆ ಶಾಂಪೂ ಹಾಕುವ ಹಾಗೆ ಮೊಣಕೈ ಎತ್ತಿ ನೋಡಿದೆ. ಮೊಣಕೈ ಬಡಿದರೆ ಆ ಗಾಡಿ ಬೇಡ. ಗೋಡೆ ಹೊರಗೆ ಜಾರುವ ಸ್ಲೈಡ್ ಇದ್ದರೆ ಅದನ್ನು ಒಳಗೆ ಎಳೆಸಿ, ಆಗ ಫ್ರಿಜ್ಜಿಗೂ ಟಾಯ್ಲೆಟ್ಟಿಗೂ ಹೋಗಲಾಗುತ್ತದಾ ನೋಡಿ. ದಾರಿಯಲ್ಲಿ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಾಗ ಮೊಸರನ್ನ ಫ್ರಿಜ್ಜಿನಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಏನು ಪ್ರಯೋಜನ?

ಟ್ಯಾಂಕ್ ವಿಷಯ ಸೇಲ್ಸ್‌ನವರು ನಮ್ಮಂಥವರಿಗೆ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಪಾತ್ರೆ ತೊಳೆದ, ಸ್ನಾನದ ನೀರು ಗ್ರೇ ಟ್ಯಾಂಕಿಗೆ, ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕಿಗೆ. ಇಲ್ಲಿನವರು ಕಾಗದದವರು. ನಮಗೆ ಚೊಂಬು ಬೇಕು. ಹಾಗಾಗಿ ಅವರಿಗೆ ವಾರ ಬರುವ ಬ್ಲ್ಯಾಕ್ ಟ್ಯಾಂಕ್ ನಮಗೆ ಬರುವುದಿಲ್ಲ. ಚಿಕ್ಕ ವ್ಯಾನಿನಲ್ಲಿ ಹತ್ತು ಹದಿನೈದು ಗ್ಯಾಲನ್ನಿನದು ಇದ್ದರೆ ಸದಾ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಹುಡುಕುವುದೇ ಕೆಲಸ. ಕ್ಲಾಸ್ ಸಿಯಲ್ಲಿ ಇದು ಮೂವತ್ತರ ಆಸುಪಾಸು ಇರುವುದು ಸಿಗುತ್ತದೆ. ನಾವು ಬಿ ಬಿಟ್ಟು ಸಿಗೆ ಬಂದ ಕಾರಣಗಳಲ್ಲಿ ಇದಕ್ಕೆ ಎರಡನೇ ಜಾಗ.

ಅಡುಗೆ ಬಗ್ಗೆ ಚಿಕ್ಕದಾಗಿ. ವ್ಯಾನಿನಲ್ಲಿ ಒಲೆಗೂ ದಿಂಬಿಗೂ ನಾಲ್ಕೈದು ಅಡಿ ಅಂತರ. ಇಂಗಿನ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಮೊದಲು ಕೂಗುತ್ತದೆ, ಆಮೇಲೆ ಎರಡು ದಿನ ಹೊದಿಕೆಯಲ್ಲೇ ಸಾಸಿವೆ ಘಮ. ದೊಡ್ಡ ಗಾಡಿಯಲ್ಲೂ ನಾನು ಒಗ್ಗರಣೆಯನ್ನು ಹೊರಗೆ ಇಂಡಕ್ಷನ್ ಒಲೆ ಇಟ್ಟೇ ಹಾಕುವುದು. ಕರಡಿ ಇರುವ ಕಡೆ ಮಾತ್ರ ತಕ್ಷಣ ಎಲ್ಲ ಒಳಗಿಡಬೇಕು. ಸ್ಮೋಕಿ ಮೌಂಟನ್ಸ್‌ನ ಕೇಡ್ಸ್ ಕೋವ್ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಗೆ ಕರೆಂಟ್ ಕೊಡುವ ಹುಕ್‌ಅಪ್ ಇಲ್ಲ, ಅಲ್ಲಿ ಗ್ಯಾಸಿನ ಮೇಲೆ ಕುಕ್ಕರ್ ಒಂದಿದ್ದರೆ ಬದುಕಬಹುದು.

ಎಲ್ಲಕ್ಕಿಂತ ಜನ ನೋಡದೇ ಬಿಡುವುದು ತೂಕ. ಗಾಡಿಯೊಳಗೆ ಒಂದು ಹಳದಿ ಸ್ಟಿಕರ್ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಸ್ಪ್ರಿಂಟರ್ ಮೇಲೆ ಕಟ್ಟಿದ ಒಂದು 24 ಅಡಿಯ ಗಾಡಿ ನಮಗೆ ಬಹಳ ಹಿಡಿಸಿತ್ತು, ಓಡಿಸಲು ಕಾರಿನಷ್ಟು ಹಗುರ. ಅದರ ಸ್ಟಿಕರಿನಲ್ಲಿ 1,200 ಚಿಲ್ಲರೆ ಇತ್ತು. ಅಲ್ಲೇ ಗಾಡಿಯೊಳಗಿನ ಊಟದ ಮೇಜಿಗೆ ಕೂತು ಲೆಕ್ಕ ಹಾಕಿದೆವು. ನಾವಿಬ್ಬರು 320. ನೀರು ಗ್ಯಾಲನ್ನಿಗೆ 8.3 ಪೌಂಡ್, 35 ಗ್ಯಾಲನ್ ತುಂಬಿದರೆ 290. ಉಳಿದದ್ದು ಆರುನೂರು. ಅದರಲ್ಲಿ ಬಟ್ಟೆ, ಕುರ್ಚಿ, ಟೂಲ್ಸ್, ಲೆವೆಲ್ ಮಾಡುವ ದಿಮ್ಮಿ, ಹೋಸ್, ಅಕ್ಕಿ ಬ್ಯಾಗು, ಬೇಳೆ, ಮಿಕ್ಸಿ, ಸ್ಟೀಲ್ ಪಾತ್ರೆ, ಇವರ ಎರಡು ಬ್ಯಾಟರಿ, ಆಮೇಲೆ ಹೇಳಿಕೊಳ್ಳದೇ ಸೇರುವ ಸಾಮಾನು. ಮೂರು ತಿಂಗಳ ಟ್ರಿಪ್ಪಿಗೆ ಅದು ಸಾಲದು. ಹಾಗಾಗಿ ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ್ದನ್ನು ಹುಡುಕಿದೆವು. ಅದರ ಒಟ್ಟು ತೂಕದ ಮಿತಿ 14,500 ಪೌಂಡ್, ಸ್ಪ್ರಿಂಟರಿನದು 11,030. ತುಂಬಿಸಿದ ಮೇಲೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿನಲ್ಲಿ ಹತ್ತಿಸಿ ತೂಗಿಸುತ್ತೇವೆ, ಹತ್ತು ನಿಮಿಷದ ಕೆಲಸ. ಪೆಟ್ರೋಲ್ ಮಾತ್ರ ಕುಡಿಯುತ್ತದೆ, ಗ್ಯಾಲನ್ನಿಗೆ ಒಂಬತ್ತೋ ಹತ್ತೋ ಮೈಲಿ. ವ್ಯಾನಿನವರಿಗೆ ಹದಿನೈದರ ಮೇಲೆ ಸಿಗುತ್ತದೆ, ಅದನ್ನು ಒಪ್ಪಿಕೊಂಡೇ ತಗೊಂಡೆವು.

ಮಗಳು "ಅಮ್ಮ, ನಾವು ನಾಲ್ಕೂ ಜನ ಬಂದ್ರೆ ಎಲ್ಲಿ ಮಲಗೋದು?" ಅಂತ ಕೇಳಿದಳು. ಎಷ್ಟೋ ಜನ ಈ ಒಂದು ಪ್ರಶ್ನೆಗೆ ಆರಡಿ ಜಾಸ್ತಿ ಉದ್ದದ ಗಾಡಿ ಕೊಳ್ಳುತ್ತಾರೆ. ಅವರಿಗೆ ರಜೆ ಸಿಗುವುದು ವರ್ಷಕ್ಕೆ ಒಂದು ವಾರ, ಉಳಿದ ವಾರಗಳಲ್ಲಿ ಆ ಆರಡಿಯನ್ನು ಹೊತ್ತು ತಿರುಗುವವರು ನಾವು. ಬಂದಾಗ ಪಕ್ಕದಲ್ಲಿ ಕ್ಯಾಬಿನ್ ಬುಕ್ ಮಾಡುತ್ತೇವೆ, ಮೊಮ್ಮಕ್ಕಳಿಗೆ ಡ್ರೈವರ್ ತಲೆ ಮೇಲಿನ ಹಾಸಿಗೆಯೇ ಅರಮನೆ. ಉಳಿದ ದಿನ ಅಲ್ಲಿ ಕಂಬಳಿ ಮತ್ತು ಚಕ್ಕುಲಿ ಡಬ್ಬ. ಇನ್ನೊಂದು ಗಮನಿಸಿ, ಆರು ಜನ ಮಲಗಬಹುದು ಅಂತ ಬರೆದಿದ್ದರೂ ಸೀಟ್ ಬೆಲ್ಟ್ ಎಷ್ಟಿವೆ ಅಂತ ಎಣಿಸಿಯೇ ಮಕ್ಕಳನ್ನು ಹತ್ತಿಸಿ.

30 ಅಡಿ ಮೇಲಿನವರು ಸಾಮಾನ್ಯವಾಗಿ ಹಿಂದೆ ಒಂದು ಕಾರು ಎಳೆದುಕೊಂಡು ಹೋಗುತ್ತಾರೆ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯುವ ಕಾರನ್ನು ಬಿಚ್ಚದೆ ರಿವರ್ಸ್ ತೆಗೆಯಲು ಆಗುವುದಿಲ್ಲ. ನನ್ನ ಷರತ್ತಿಗೆ ಅದು ಒಗ್ಗುವುದಿಲ್ಲ. ನಾವು ಅಂಗಡಿಗೆ ಹೋದರೆ ಪಾರ್ಕಿಂಗಿನ ತುದಿಯಲ್ಲಿ ಹಿಂದೆ ಮುಂದೆ ಎರಡು ಜಾಗ ಹಿಡಿದು ನಿಲ್ಲಿಸುತ್ತೇವೆ, ಯಾರೂ ಏನೂ ಅಂದಿಲ್ಲ.

ಹೊಸದು ತಗೊಳ್ಳಲಿಲ್ಲ. ಮೂರು ವರ್ಷದ ಹಳೆಯದು ಸಿಕ್ಕಿತು, ಬೆಲೆ ಇಳಿಯುವ ಮೊದಲ ಪೆಟ್ಟನ್ನು ಬೇರೆಯವರು ತಿಂದಾಗಿತ್ತು. ತೀರಾ ಹಳೆಯದೂ ಬೇಡ, ಕೆಲವು ಖಾಸಗಿ ಆರ್‌ವಿ ಪಾರ್ಕುಗಳು ಹತ್ತು ವರ್ಷ ದಾಟಿದ ಗಾಡಿಯನ್ನು ಸೇರಿಸುವುದಿಲ್ಲ. ಮನೆ ಮುಂದೆ ನಿಲ್ಲಿಸಲು ನಮ್ಮ ಲೇಔಟಿನ ಅಸೋಸಿಯೇಷನ್ ಬಿಡುವುದಿಲ್ಲ, ಅದಕ್ಕೆ ಊರಾಚೆ ಸ್ಟೋರೇಜ್ ಬಾಡಿಗೆ ಬೇರೆ. ಅಲ್ಲೂ ಉದ್ದ ಹೆಚ್ಚಿದಷ್ಟೂ ದುಡ್ಡು ಹೆಚ್ಚು.

ತಗೊಂಡ ದಿನವೇ ಟೇಪು ಹಿಡಿದು ಮತ್ತೆ ಅಳೆಯಿರಿ. ಮಾಡೆಲ್ ಹೆಸರಿನಲ್ಲಿ 24 ಇದ್ದರೂ ಬಂಪರಿಂದ ಬಂಪರಿಗೆ 25 ದಾಟಿರುತ್ತದೆ, ಹಿಂದೆ ಏಣಿ, ಸೈಕಲ್ ಸ್ಟ್ಯಾಂಡ್ ಇದ್ದರೆ ಇನ್ನೂ ಜಾಸ್ತಿ. ಕ್ಯಾಂಪ್‌ಗ್ರೌಂಡ್ ಬುಕ್ ಮಾಡುವಾಗ ಆ ನಿಜವಾದ ಉದ್ದವನ್ನೇ ಬರೆಯಿರಿ. ಎತ್ತರ ಅಳೆಯುವಾಗ ಮಾಡಿನ ಮೇಲಿನ ಎಸಿಯನ್ನೂ ಸೇರಿಸಿ. ನಮ್ಮ ಪಕ್ಕದ ಡರ್ಹಮ್‌ನಲ್ಲಿ ಒಂದು ರೈಲು ಸೇತುವೆ ಇದೆ, ಬಾಡಿಗೆ ಟ್ರಕ್ಕುಗಳ ಮಾಡು ಕಿತ್ತು ಕಿತ್ತೇ ಹೆಸರುವಾಸಿ. 11 ಅಡಿ 8 ಇಂಚು ಇದ್ದದ್ದನ್ನು 2019ರಲ್ಲಿ 12 ಅಡಿ 4 ಇಂಚಿಗೆ ಏರಿಸಿದರು, ಆಮೇಲೂ ಗಾಡಿಗಳು ತಗಲುತ್ತಲೇ ಇವೆ. ನಮ್ಮದು 11 ಅಡಿ 3 ಇಂಚು. ಎತ್ತರ, ಅಗಲ, ಉದ್ದ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಸನ್ ವೈಸರಿಗೆ ಅಂಟಿಸಿದ್ದೇವೆ, ಇವರ ಕಡೆಗೊಂದು, ನನ್ನ ಕಡೆಗೊಂದು.