ಅಜ್ಜಿಯ ಉಪ್ಪಿನ ಜಾಡಿ, ನನ್ನ ಮಳೆ ಡಬ್ಬಿ

ಪಾವಗಡದ ಕಡೆ ಮಳೆ ನಂಬಿ ಕಡ್ಲೆಕಾಯಿ ಬಿತ್ತುವವನು ನಾನು. ಒಂದು ವರ್ಷ ಇರುವೆಗಳನ್ನು ನಂಬಿದೆ. ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಮಳೆ ಗ್ಯಾರಂಟಿ ಅಂತ ಅರೆಹದದಲ್ಲೇ ಬಿತ್ತಿದೆ. ಸಂಜೆ ನಾಲ್ಕು ಹನಿ ಬಿತ್ತು. ಆಮೇಲೆ 18 ದಿನ ಬರೀ ಬಿಸಿಲು. ಬೀಜ ಮಣ್ಣಲ್ಲೇ ಕಮರಿತು.

ಅಜ್ಜಿಯನ್ನು ಕೇಳಿದೆ. "ಇರುವೆ ನೋಡಿ ಸಂಡಿಗೆ ಒಳಗಿಡು ಅಂದೆ ಕಣ್ಲಾ, ಬಿತ್ತು ಅಂತ ಯಾವಾಗ ಅಂದೆ?" ಅಂದಳು.

ಮುಂದಿನ ವರ್ಷ ಮಳೆ ಅಳೆಯಲು ಕೂತೆ. ಬಾಯಿಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿ ಸಾಕು, ಸ್ಕೇಲ್ ಇಟ್ಟರೆ ಮಿಲಿಮೀಟರ್ ನೇರ ಸಿಗುತ್ತದೆ. ಮರದ ನೆರಳಿಲ್ಲದ ಕಡೆ ಗೂಟಕ್ಕೆ ಕಟ್ಟಿದೆ. ಬೆಳಗ್ಗೆ 8.30ಕ್ಕೆ ನೋಡುವುದು, ಹವಾಮಾನ ಇಲಾಖೆಯವರು ಅಳೆಯುವುದೂ ಆಗಲೇ. 2.5 ಮಿಲಿಮೀಟರ್‌ಗಿಂತ ಕಡಿಮೆ ಬಿದ್ದರೆ ಅವರು ಅದನ್ನು ಮಳೆ ದಿನ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನನ್ನ ನಾಲ್ಕು ಹನಿಯ ಕಥೆ ಅಲ್ಲೇ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಒಂದು ಕಡೆ ಮಳೆ ಬರುತ್ತೆ ಅನ್ನಲು ಅಜ್ಜಿ ಹೇಳುವ ಗುರುತು: ಇರುವೆ, ಈಚಲು ಹುಳ, ಜಾಡಿಯಲ್ಲಿ ನೀರಾಗುವ ಉಪ್ಪು. ಇನ್ನೊಂದು ಕಡೆ ಡಬ್ಬಿಯ ಲೆಕ್ಕ.

ಈಚಲು ಹುಳ ಮೊದಲೇ ಸೋತಿತು. ಗೆದ್ದಲಿಗೆ ರೆಕ್ಕೆ ಬಂದು ಹೊರಬೀಳುವುದು ಹೆಚ್ಚಾಗಿ ಮಳೆಗೆ ನೆಲ ನೆನೆದ ಮೇಲೆ. ಅದು ಮುನ್ಸೂಚನೆ ಅಲ್ಲ, ವರದಿ.

ಉಪ್ಪಿನ ಜಾಡಿ ಮಾತ್ರ ನನ್ನನ್ನು ಕಾಡಿತು. ಕಲ್ಲುಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಂಡು ನೀರಾಗುತ್ತದೆ. ಅಂದರೆ ಜಾಡಿ ಸುಳ್ಳು ಹೇಳುವುದಿಲ್ಲ, ತೇವ ಇದೆ ಅಂತಷ್ಟೇ ಹೇಳುತ್ತದೆ. ಜುಲೈನಲ್ಲಿ ಉಪ್ಪು ನೀರಾಗಿರುತ್ತಿತ್ತು, ಡಬ್ಬಿ ಒಣಗಿರುತ್ತಿತ್ತು. ಯಾಕೆ ಅಂದರೆ ಪಡುವಣ ಗಾಳಿ ಘಟ್ಟ ಹತ್ತುವಾಗಲೇ ಮಳೆ ಸುರಿಸಿಬಿಡುತ್ತದೆ. ನಮ್ಮ ತಲೆ ಮೇಲೆ ಮೋಡ ಸುಮ್ನೆ ಓಡುತ್ತದೆ. ನಮಗೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಗುಡುಗಿನ ಮೋಡದಿಂದ. ಅದೂ ಒಂದು ಹೊಲಕ್ಕೆ ಸುರಿದು ಪಕ್ಕದ್ದನ್ನು ಬಿಡುವ ಮಳೆ.

"ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅನ್ನುವುದನ್ನು ನಾನು ಬೇರೆ ಸಾಲಿನಲ್ಲಿ ಇಟ್ಟಿದ್ದೇನೆ. ಸೂರ್ಯ ಭರಣಿ ನಕ್ಷತ್ರದಲ್ಲಿರುವುದು ಪ್ರತಿ ವರ್ಷ ಏಪ್ರಿಲ್ ಕೊನೆಯಿಂದ ಮೇ ಮೊದಲ ಭಾಗದವರೆಗೆ. ಹಾಗಾಗಿ ಅದು ನಕ್ಷತ್ರದ ಮಹಿಮೆಗಿಂತ ಹೆಚ್ಚಾಗಿ ಒಂದು ಕ್ಯಾಲೆಂಡರು. ಆಗ ಮಳೆ ಬಂದರೆ ಉಳುಮೆ ಬೇಗ ಆಗುತ್ತದೆ, ಅಷ್ಟೇ ಅಲ್ವಾ?

ಈಗ ಬಿತ್ತುವ ಮೊದಲು ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಮುಂದಿನ ದಿನಗಳ ಮಳೆ ಕೇಳುತ್ತೇನೆ. ಜೊತೆಗೆ ಹೊಲದಲ್ಲಿ ಗೇಣು ಆಳ ಅಗೆದು ಮಣ್ಣು ಮುಷ್ಟಿ ಕಟ್ಟಿ ನೋಡುತ್ತೇನೆ. ಅಂಗಳದ ಸಂಡಿಗೆ, ಕಣದ ರಾಗಿ ಮಾತ್ರ ಇವತ್ತಿಗೂ ಅಜ್ಜಿ ಹೇಳಿದ ಹೊತ್ತಿಗೇ ಒಳಗೆ ಬರುತ್ತವೆ.