ಬೋರ್‌ವೆಲ್ ನಕ್ಷೆಯಲ್ಲಿ ಕಾಣೆಯಾದ ನೀರಿನ ಪರೀಕ್ಷೆಗಳು

ವಿಜಯಪುರ ಜಿಲ್ಲೆಯ ಕುಡಿಯುವ ನೀರಿನ ಬೋರ್‌ವೆಲ್‌ಗಳ ವೆಬ್ ನಕ್ಷೆಯೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಕ್ಷೆಯ ಮಾಹಿತಿ ಒದಗಿಸುವ ಆರ್ಕ್‌ಜಿಐಎಸ್ ಸರ್ವರ್‌ನಲ್ಲಿ ಬೋರ್‌ವೆಲ್‌ಗಳದ್ದು ಒಂದು ಲೇಯರ್ (ನಕ್ಷೆಯ ಪದರ), ನೀರಿನ ಪರೀಕ್ಷೆ ಅದಕ್ಕೆ ಜೋಡಿಸಿದ ಟೇಬಲ್. ಚುಕ್ಕೆ ಒತ್ತಿದರೆ ಫ್ಲೋರೈಡ್, ನೈಟ್ರೇಟ್ ಪ್ರಮಾಣ ಬರಬೇಕು. ಇವೆರಡನ್ನೂ ನಕ್ಷೆಗೆ ಕೊಡುವ ಸರ್ವಿಸನ್ನು ಮತ್ತೆ ಪಬ್ಲಿಶ್ ಮಾಡಿದ ಮೇಲೆ ಯಾವುದನ್ನು ಒತ್ತಿದರೂ ‘ಪರೀಕ್ಷೆ ಆಗಿಲ್ಲ’ ಎಂದೇ ಬರತೊಡಗಿತು. ಇಂಡಿ ಕಡೆಯ ಸಿಬ್ಬಂದಿಯೊಬ್ಬರು ಫೋನ್ ಮಾಡಿ, “ಸರ್, ನೀರು ನಾವ ಒಯ್ದು ಟೆಸ್ಟ್ ಮಾಡಿಸೇವ್ರಿ, ಇಲ್ಲಿ ಆಗಿಲ್ಲ ಅಂತ ಬರಾಕತ್ತೈತಿ” ಅಂದರು. ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರಿಗೂ ಹಾಗೇ ಬಂದರೆ ಊರಿನವರು ಅದನ್ನು ಕುಡಿಯುತ್ತಲೇ ಇರುತ್ತಾರೆ.

ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದೆ. ಪರೀಕ್ಷೆಯ ದಾಖಲೆ ಕೇಳುವ ಕ್ವೆರಿಯ ಸ್ಟೇಟಸ್ 200, ಅಂದರೆ ‘ಎಲ್ಲ ಸರಿ’ ಎಂದಿತ್ತು. ಒಳಗಿನ ಜೇಸನ್, ಅಂದರೆ ಸರ್ವರ್ ಕಳಿಸಿದ ಉತ್ತರ ಓದಿದರೆ ಎರರ್ 400, ಕೇಳಿದ್ದೇ ತಪ್ಪು ಎಂದು. ಈ ಸರ್ವರ್‌ನ ರೀತಿಯೇ ಹಾಗೆ, ಬರೀ ಸ್ಟೇಟಸ್ ನಂಬಬಾರದು. ಅದೇ ಕ್ವೆರಿಗೆ ಒಂದೇ ಬೋರ್‌ವೆಲ್‌ನ ಆಬ್ಜೆಕ್ಟ್‌ಐಡಿ ಕೊಟ್ಟು, ಫೀಲ್ಡ್ ಹೆಸರುಗಳ ಬದಲು ‘ಎಲ್ಲ ಫೀಲ್ಡ್’ ಎನ್ನುವ ನಕ್ಷತ್ರ ಚಿಹ್ನೆ ಹಾಕಿ ಕೈಯಿಂದಲೇ ಓಡಿಸಿದೆ. ಬಂದದ್ದು ಪಂಪ್ ರಿಪೇರಿ ದಾಖಲೆ! ಹೊಸ ಸರ್ವಿಸ್‌ನಲ್ಲಿ ರಿಪೇರಿ ಟೇಬಲ್ ಸೇರಿತ್ತು. ಲೇಯರ್‌ಗೂ ಟೇಬಲ್‌ಗೂ ಇರುವ ಜೋಡಣೆಯ ಸಂಖ್ಯೆ, ಅಂದರೆ ರಿಲೇಶನ್‌ಶಿಪ್ ಐಡಿ, 0 ಅದಕ್ಕೆ ಹೋಗಿ, ನೀರಿನ ಪರೀಕ್ಷೆಗೆ 1 ಬಂದಿತ್ತು. ಕೋಡ್ 0 ಕೇಳುತ್ತಿತ್ತು, ರಿಪೇರಿ ಟೇಬಲ್‌ನಲ್ಲಿ ಫ್ಲೋರೈಡ್ ಫೀಲ್ಡ್ ಎಲ್ಲಿಂದ ಬರಬೇಕು? ಈಗ ಲೇಯರ್ ಲೋಡ್ ಆದಾಗಲೇ ಅದರ ರಿಲೇಶನ್‌ಶಿಪ್ ಪಟ್ಟಿಯಿಂದ ಹೆಸರು ಹಿಡಿದು ಐಡಿ ತೆಗೆಯುತ್ತೇನೆ. 0 ಕೂಡ ಸರಿಯಾದ ಐಡಿಯೇ. ‘ಐಡಿ ಇದೆಯಾ’ ಎಂದು ಸುಮ್ಮನೆ ಇಫ್ ಹಾಕಿದರೆ ಜಾವಾಸ್ಕ್ರಿಪ್ಟ್ ಅದನ್ನು ಇಲ್ಲವೆಂದೇ ಎಣಿಸುತ್ತದೆ.

ಎರರ್ ಹೋಯಿತು, ಆದರೂ ಕೆಲವು ಬೋರ್‌ವೆಲ್‌ಗಳಿಗೆ ಉತ್ತರ ಖಾಲಿ. ಇದು ಹೆಚ್ಚು ಕಾಡಿಸಿತು, ಏಕೆಂದರೆ ಎಲ್ಲೂ ತಪ್ಪೆಂದು ತೋರುತ್ತಿರಲಿಲ್ಲ. ಖಾಲಿ ಬಂದವನ್ನೆಲ್ಲ ಪಟ್ಟಿ ಮಾಡಿದಾಗ ಸುಳಿವು ಸಿಕ್ಕಿತು: ಎಲ್ಲದರ ಬೋರ್‌ವೆಲ್ ಸಂಖ್ಯೆಯೂ ಸೊನ್ನೆಯಿಂದ ಶುರು. ಲೇಯರ್ ಮತ್ತು ಟೇಬಲ್ ಜೋಡಿಯಾಗುವುದು ಈ ಸಂಖ್ಯೆಯಿಂದಲೇ. ಲೇಯರ್‌ನಲ್ಲಿ ‘0417’, ಪರೀಕ್ಷೆಯ ಟೇಬಲ್‌ನಲ್ಲಿ ‘417’. ಪರೀಕ್ಷೆಯ ಟೇಬಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಮುಂದಿನ ಸೊನ್ನೆ ಉದುರಿತ್ತು. ಎರಡೂ ಫೀಲ್ಡ್ ಟೆಕ್ಸ್ಟ್ ಆದ್ದರಿಂದ ಸರ್ವರ್‌ಗೆ ಅವು ಬೇರೆ ಬೇರೆ ಬೋರ್‌ವೆಲ್. ಲೇಯರ್‌ನಲ್ಲಿ ‘417’ ಎಂಬ ಇನ್ನೊಂದು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಟೇಬಲ್‌ನ ಸಂಖ್ಯೆಯ ಮುಂದೆ ಸೊನ್ನೆ ಹಾಕಿ ನಾಲ್ಕು ಅಂಕಿಗೆ ತುಂಬಿಸಿದೆ.

ಪಾಪ್‌ಅಪ್‌ನ ಮಾತನ್ನೂ ಬದಲಿಸಿದ್ದೇನೆ. ಉತ್ತರ ಖಾಲಿ ಬಂದರೆ ‘ದಾಖಲೆ ಸಿಗಲಿಲ್ಲ’, ಎರರ್ ಬಂದರೆ ‘ಮಾಹಿತಿ ತರಲಾಗಲಿಲ್ಲ, ಮತ್ತೆ ಒತ್ತಿ’. ‘ಪರೀಕ್ಷೆ ಆಗಿಲ್ಲ’ ಎಂಬುದನ್ನು ಸಿಬ್ಬಂದಿ ತಾವೇ ಹಾಗೆ ಗುರುತು ಹಾಕಿದ ಬೋರ್‌ವೆಲ್‌ಗೆ ಮಾತ್ರ ತೋರಿಸುತ್ತೇನೆ.